ಇನ್ನೊಮ್ಮೆ ಹೇಳಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮೂವತ್ತು ವರ್ಷ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಜ್ಜಿ, "ಏನಪ್ಪಾ, ವಿಮಾನಕ್ಕೆ ಬಾವುಟ ತೋರಿಸೋ ಕೆಲಸವಂತೆ?" ಎಂದು ಕೇಳಿದ್ದರು. ಬಾವುಟ ಇಲ್ಲ. ಕಿವಿಗೆ ಹೆಡ್‌ಫೋನು, ಬಾಯಿಯ ಹತ್ತಿರ ಮೈಕು, ಎದುರಿಗೆ ರೇಡಾರ್ ಪರದೆ. ಎಷ್ಟು ಎತ್ತರಕ್ಕೆ ಇಳಿಯಬೇಕು, ಯಾವ ಕಡೆ ತಿರುಗಬೇಕು, ಬಹುಮಟ್ಟಿಗೆ ಎಲ್ಲವೂ ಮಾತಿನಲ್ಲೇ ನಡೆಯಬೇಕು. ಪೈಲಟ್ ಮುಖ ನಮಗೆ ಕಾಣದು, ನಮ್ಮ ಮುಖ ಅವರಿಗೆ ಕಾಣದು. ಅರ್ಥವಾಯಿತೋ ಇಲ್ಲವೋ ಎಂದು ಕಣ್ಣು ನೋಡಿ ತಿಳಿಯುವ ಹಾಗಿಲ್ಲ.

ರೇಡಿಯೋದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಕೀಚಲು ಸದ್ದು ಮಾತ್ರ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ದಟ್ಟ ಮಂಜು ಕವಿದಿದ್ದಾಗ ಹಾಗೇ ಆಯಿತು. "ಕಾಯಿರಿ" ಎಂಬ ಕಂಟ್ರೋಲರ್ ಮಾತೂ, "ನಾವಿನ್ನೂ ರನ್‌ವೇ ಮೇಲಿದ್ದೇವೆ" ಎಂಬ ಇನ್ನೊಂದು ವಿಮಾನದ ಮಾತೂ ಒಂದರ ಮೇಲೊಂದು ಬಿದ್ದವು. ಹೊರಟ ವಿಮಾನ ನಿಲ್ಲಲಿಲ್ಲ. 583 ಜನ ಸತ್ತರು.

ಅಂಕಿಗಳನ್ನು ಹೇಳುವುದಕ್ಕೂ ನಮ್ಮಲ್ಲಿ ಬೇರೆಯೇ ಉಚ್ಚಾರಣೆ ಇದೆ. ಫೈವ್, ನೈನ್ ಎರಡೂ ಗದ್ದಲದಲ್ಲಿ ಒಂದೇ ಥರ ಕೇಳಿಸುವುದರಿಂದ 'ಫೈಫ್', 'ನೈನರ್' ಎನ್ನಬೇಕು. 'ತ್ರೀ' ಎನ್ನುವ ಹಾಗಿಲ್ಲ, 'ಟ್ರೀ' ಎನ್ನಬೇಕು. ನನ್ನ 'ಟ್ರೀ'ಯನ್ನು 'ತ್ರೀ' ಮಾಡಲು ಇಲ್ಲೇ ಕುಳಿತಿರುವ ಇಂಗ್ಲಿಷ್ ಮೇಷ್ಟ್ರು ಎಷ್ಟು ಬೆವರು ಸುರಿಸಿದ್ದರೆಂದು ನನ್ನ ತರಗತಿಯವರಿಗೆ ಗೊತ್ತು. ಮೇಷ್ಟ್ರೇ, ಕ್ಷಮಿಸಿ, ಸರ್ಕಾರ ನನ್ನ ಪಕ್ಷ ವಹಿಸಿತು.

ನಮ್ಮ ಕೆಲಸದ ಮುಖ್ಯ ನಿಯಮಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ನಾನು ಹೇಳಿದ್ದನ್ನು ಪೈಲಟ್ ಮರಳಿ ಹೇಳಬೇಕು, ಅದು ಸರಿಯೇ ಎಂದು ನಾನು ಕೇಳಿಸಿಕೊಳ್ಳಬೇಕು. 1989ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದಲ್ಲಿ ಒಂದು ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು, "ಡಿಸೆಂಡ್ ಟೂ ಫೋರ್ ಜೀರೋ ಜೀರೋ" ಎಂದರು. ಕನ್ನಡದಲ್ಲಿ 'ಎರಡು' ಎನ್ನುವುದೂ 'ನಾನೂರಕ್ಕೆ' ಎನ್ನುವಾಗಿನ 'ಕ್ಕೆ'ಯೂ ಒಂದೇ ಥರ ಕೇಳಿಸುವುದಿಲ್ಲ. ಇಂಗ್ಲಿಷಿನಲ್ಲಿ ಕೇಳಿಸುತ್ತವೆ. ಪೈಲಟ್ 400 ಎಂದು ತಿಳಿದು ಹಾಗೇ ಮರಳಿ ಹೇಳಿದರು. ಕೆಳಗಿನಿಂದ ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಹೋದರು.

ಆ ಕಂಟ್ರೋಲರನ್ನು ಬೈಯುವ ಬಾಯಿ ನನಗಿಲ್ಲ. ಸೇವೆಗೆ ಸೇರಿದ ಆರನೆಯ ವರ್ಷ, ಒಂದು ರಾತ್ರಿ ಪಾಳಿಯಲ್ಲಿ ನಾನೊಂದು ವಿಮಾನಕ್ಕೆ ಹನ್ನೊಂದು ಸಾವಿರ ಅಡಿಗೆ ಇಳಿಯಲು ಹೇಳಿದೆ. ಅವರು ಹತ್ತು ಸಾವಿರ ಎಂದು ಮರಳಿ ಹೇಳಿದರು. ಹತ್ತು ಸಾವಿರದಲ್ಲಿ ಇನ್ನೊಂದು ವಿಮಾನವಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಭುಜ ಹಿಡಿದು ಅಲುಗಿಸಿದರು, ಒಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸಿದೆ, ಉಳಿದುಕೊಂಡೆವು. ಮರುದಿನ ವಿಚಾರಣೆಯಲ್ಲಿ ಟೇಪ್ ಹಾಕಿದರು. ಪೈಲಟ್ ದನಿ ಗಂಟೆ ಹೊಡೆದಂತೆ ಸ್ಪಷ್ಟ: ಹತ್ತು ಸಾವಿರ. ನನ್ನ ಕಿವಿಗೆ ಮಾತ್ರ ಹನ್ನೊಂದೇ ಬಿದ್ದಿತ್ತು. ನಾನು ಹನ್ನೊಂದು ಎಂದಿದ್ದೆನಲ್ಲ, ಬೇರೆಯದನ್ನು ಕೇಳಲು ಕಿವಿ ಸಿದ್ಧವಿರಲಿಲ್ಲ. ಕೆಲವು ವಾರ ಕೆಲಸದಿಂದ ದೂರವಿಟ್ಟು ಮತ್ತೆ ತರಬೇತಿ ಕೊಟ್ಟರು. ಮನೆಯಲ್ಲಿ ರಜೆ ಎಂದು ಹೇಳಿದ್ದೆ. ಇದನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು ಇದೇ ಮೊದಲು.

ಆದರೆ ನನ್ನನ್ನು ಹೆಚ್ಚು ಕಾಡಿರುವುದು ಮತ್ತೊಂದು ಅಪಘಾತ. 1990ರ ಜನವರಿ 25. ಕೊಲಂಬಿಯಾ ದೇಶದ ವಿಮಾನವೊಂದು ನ್ಯೂಯಾರ್ಕಿಗೆ ಬರುತ್ತಿತ್ತು. ಹವೆ ಕೆಟ್ಟಿದ್ದರಿಂದ ಮೂರು ಕಡೆ ಆಕಾಶದಲ್ಲೇ ಸುತ್ತು ಹಾಕಿಸಿ ಒಂದೂಕಾಲು ಗಂಟೆಗೂ ಹೆಚ್ಚು ಕಾಯಿಸಿದರು. ಇಂಧನ ಮುಗಿಯುತ್ತಾ ಬಂತು. ಮೊದಲ ಸಲ ಇಳಿಯಲು ಹೋಗಿ ಆಗದೆ ಮತ್ತೆ ಮೇಲೇರಿದರು. ಕ್ಯಾಪ್ಟನ್‌ಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಸಹ ಪೈಲಟ್‌ಗೆ ತಮ್ಮ ಭಾಷೆಯಲ್ಲಿ, "ಎಮರ್ಜೆನ್ಸಿ ಎಂದು ಹೇಳು" ಎಂದರು. ಆತ ರೇಡಿಯೋದಲ್ಲಿ ಹೇಳಿದ್ದು, ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ, ಎಂದಷ್ಟೇ. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದರೆ, ಹೇಳಿದೆ ಸಾರ್, ಎಂದ. ಸ್ವಲ್ಪ ದೂರ ಕಳಿಸಿ ಮತ್ತೆ ತಿರುಗಿಸುತ್ತೇನೆ, ನಿಮ್ಮ ಇಂಧನಕ್ಕೆ ಅಡ್ಡಿಯಿಲ್ಲವಲ್ಲ, ಎಂದು ಕಂಟ್ರೋಲರ್ ಕೇಳಿದರು. ಅದಕ್ಕೆ ಬಂದ ಉತ್ತರ: ಆಗಬಹುದು, ತುಂಬಾ ಥ್ಯಾಂಕ್ಸ್. ಕೆಲವೇ ನಿಮಿಷಗಳಲ್ಲಿ ನಾಲ್ಕು ಎಂಜಿನ್ನೂ ನಿಂತವು. 158 ಜನರಲ್ಲಿ 73 ಜನ ಸತ್ತರು.

ಆ 'ಥ್ಯಾಂಕ್ಸ್' ಇದೆಯಲ್ಲ, ಅದು ನನಗೆ ಚೆನ್ನಾಗಿ ಪರಿಚಯ. ಎಮರ್ಜೆನ್ಸಿ ಎಂಬ ಪದ ಆತನಿಗೆ ಗೊತ್ತಿರಲಿಲ್ಲವೆಂದಲ್ಲ. ದೊಡ್ಡ ಊರಿನ ದೊಡ್ಡವರನ್ನು ತಡೆದು, ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲವೇನೋ ಎಂದು ನನಗನಿಸುತ್ತದೆ. ಎಷ್ಟು ನಿಮಿಷದ ಇಂಧನ ಉಳಿದಿದೆ ಎಂದು ಕೆಳಗಿನವರೂ ಬಿಡಿಸಿ ಕೇಳಲಿಲ್ಲ, ಅದೂ ತಪ್ಪೇ. ನಾವು ಈ ಶಾಲೆಯಲ್ಲಿ ಉಕ್ತಲೇಖನ ಬರೆಯುವಾಗ ಏನು ಮಾಡುತ್ತಿದ್ದೆವು? ಪದ ಕೇಳಿಸದಿದ್ದರೆ ಪಕ್ಕದವನ ಸ್ಲೇಟು ನೋಡುತ್ತಿದ್ದೆವು. "ಅರ್ಥವಾಯ್ತೇನ್ರೋ?" ಎಂದರೆ ಐವತ್ತು ಗಂಟಲಿಂದ ಒಂದೇ ಉತ್ತರ, "ಆಯ್ತು ಸಾರ್!" ಅದೇ ಅಭ್ಯಾಸ ಹೊತ್ತುಕೊಂಡು ನಾನು ತರಬೇತಿಗೆ ಹೋಗಿದ್ದೆ. ವಿದೇಶಿ ಪೈಲಟ್ ಮಾತು ಅರ್ಥವಾಗದಿದ್ದರೂ 'ರೋಜರ್' ಎಂದುಬಿಡುತ್ತಿದ್ದೆ. 'ರೋಜರ್' ಎಂದರೆ ಕೇಳಿಸಿತು ಎಂದರ್ಥ. ಹೇಳಿಕೊಟ್ಟವರು ಒಂದು ವಾರ ನನ್ನಿಂದ ಆ ಪದ ಬಿಡಿಸಿ 'ಸೇ ಅಗೇನ್', ಅಂದರೆ ಇನ್ನೊಮ್ಮೆ ಹೇಳಿ, ಎನ್ನುವುದನ್ನೇ ರೂಢಿ ಮಾಡಿಸಿದರು.

ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಒಂದು ವಿಷಯ. 2008ರಿಂದ ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷ್ ಪರೀಕ್ಷೆಯ ನಿಯಮ ಬಂದಿದೆ. ಆರು ಹಂತಗಳಲ್ಲಿ ನಾಲ್ಕನೆಯದಾದರೂ ಮುಟ್ಟಬೇಕು. ಮಾತಿನಲ್ಲಿ ತಾಯ್ನುಡಿಯ ಛಾಯೆ ಇದ್ದರೆ ಫೇಲ್ ಮಾಡುವುದಿಲ್ಲ. ಎದುರಿನವರಿಗೆ ಅರ್ಥವಾಗಬೇಕು, ಅರ್ಥವಾಗದ್ದನ್ನು ಕೇಳಿ ಸರಿಮಾಡಿಕೊಳ್ಳಲು ಬರಬೇಕು, ಅಷ್ಟೇ.

ನಿನ್ನೆ ಒಂಬತ್ತನೇ ತರಗತಿಯಲ್ಲಿ ಇದನ್ನೆಲ್ಲ ಹೇಳಿ, ಅರ್ಥವಾಯಿತಾ ಎಂದು ಕೇಳಿದೆ. "ಆಯ್ತು ಸಾರ್!" ಎಂದು ಛಾವಣಿ ಹಾರಿಸಿದರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸಾರ್, ಆ ಟೂ ಫೋರ್ ಅಂದ್ರಲ್ಲ, ಅದು ನಂಗೆ ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ" ಎಂದಳು. ಬೋರ್ಡಿನ ಮೇಲೆ ಬರೆದು ಮತ್ತೆ ಹೇಳಿದೆ. ಅವಳ ಹೆಸರು ಕೇಳುವುದನ್ನು ಮರೆತೆ. ಇಲ್ಲಿದ್ದರೆ ಊಟಕ್ಕೆ ಮುಂಚೆ ಬಂದು ನನ್ನನ್ನು ಕಾಣಮ್ಮ.