ಪುಕ್ಕಟೆಯ ಅಕ್ಷರ, ಮುಕ್ತ ಅಕ್ಷರ



ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಮಿತ್ರರೊಬ್ಬರು ಚೀಲಗಳ ಮೇಲೆ ಹೆಸರು ಮುದ್ರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಾರೆ. ಅವರ ಹಳೆಯ ಗಣಕಯಂತ್ರ ಕೆಟ್ಟಿತು; ಹೊಸದು ಬಂತು. ಹತ್ತಾರು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದ ಕನ್ನಡ ವಿನ್ಯಾಸಗಳನ್ನು ತೆರೆದು ನೋಡಿದರೆ ಪರದೆಯ ಮೇಲೆ ಮೂಡಿದ್ದು ರೋಮನ್ ಲಿಪಿಯ ಗೊಂದಲ! ಆ ಅಕ್ಷರಶೈಲಿಯನ್ನು ಒದಗಿಸಿದ್ದ ಅಂಗಡಿ ಎಂದೋ ಮುಚ್ಚಿತ್ತು. ಹಳೆಯ ಯಂತ್ರದಿಂದ ಅದನ್ನು ನಕಲು ಮಾಡಿಕೊಳ್ಳಲು ಅನುಮತಿಯುಂಟೇ ಎಂದು ತಿಳಿಸುವ ಒಂದು ಚೀಟಿಯೂ ಇರಲಿಲ್ಲ. “ಪುಕ್ಕಟೆಯಾಗಿಯೇ ಕೊಟ್ಟಿದ್ದರಲ್ಲ ಸ್ವಾಮಿ!” ಎಂದರು ಮಿತ್ರರು.

ಪುಕ್ಕಟೆಯೆಂಬುದು ಬೇರೆ, ಮುಕ್ತವೆಂಬುದು ಬೇರೆ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಾಗ ಬೆಲೆಯಿಲ್ಲದೆ ದೊರೆಯಿತು. ಕನ್ನಡಿಗರು ಅದಕ್ಕೆ ಋಣಿಗಳು. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದು ಕರ್ತೃವಿನ ಹಕ್ಕು, ಅದರಲ್ಲಿ ದೂರುವಂಥದೇನೂ ಇಲ್ಲ. ಬೇಡವೆನಿಸಿದವರು ಹಳೆಯದನ್ನೇ ತಿದ್ದಿ ಬೆಳೆಸಿಕೊಳ್ಳುವ ದಾರಿ ಮಾತ್ರ ಇರಲಿಲ್ಲ.

ಮಿತ್ರರಿಗಾಗಿ ಬೇರೆ ಅಕ್ಷರಶೈಲಿಯನ್ನು ಅರಸುತ್ತ ನಾನು ‘ಡೆಬಿಯನ್’ ಭಂಡಾರಕ್ಕೆ ಹೋದೆ. 1993ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶಗಳ ಭಂಡಾರವನ್ನು ನಾನಾ ದೇಶಗಳ ಸ್ವಯಂಸೇವಕರು ನಡೆಸುತ್ತಾರೆ. ತಂತ್ರಾಂಶವನ್ನು ಪೊಟ್ಟಣ ಕಟ್ಟಿ ಒಳಗಿಡುವವನು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು: ಇದನ್ನು ಯಾವ ಮೂಲದಿಂದ, ಯಾವ ಉಪಕರಣಗಳಿಂದ ಕಟ್ಟಬಹುದು? ಹಂಚಲು, ತಿದ್ದಲು ಅನುಮತಿ ಕೊಟ್ಟವರು ಯಾರು? ಅಕ್ಷರಶೈಲಿ ತಾನು ಮುಕ್ತವಾಗಿದ್ದರೂ, ಕಟ್ಟುವ ಉಪಕರಣ ಒಡೆಯನೊಬ್ಬನ ಸ್ವತ್ತಾಗಿದ್ದರೆ ಅದಕ್ಕೆ ಭಂಡಾರದ ನಡುಮನೆಯಲ್ಲಿ ಸ್ಥಳವಿಲ್ಲ. ‘ಕಾಂಟ್ರಿಬ್’ ಎಂಬ ಹೊರಜಗುಲಿಯಲ್ಲಿ ಕೂರಬೇಕು. ಇದು ಅತಿಯಾದ ಮಡಿಯೆಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಬೆಣ್ಣೆದೋಸೆಯ ಹದವನ್ನೆಲ್ಲ ಹೇಳಿಕೊಟ್ಟು, ಕಾವಲಿ ಮಾತ್ರ ನಮ್ಮ ಹೋಟೆಲಿನದೇ ಆಗಬೇಕೆಂದರೆ ಕಲಿತವನು ಮನೆಯಲ್ಲಿ ಮಾಡುವುದೇನನ್ನು?

ಅನುಮತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಜಿಪಿಎಲ್ ಎಂಬ ಪ್ರಸಿದ್ಧ ಪರವಾನಗಿಯ ಕರಾರಿನಂತೆ, ಪಡೆದದ್ದನ್ನು ಬೆಳೆಸಿ ಹಂಚುವವನು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ತಂತ್ರಾಂಶಕ್ಕೆ ಇದು ಸರಿಯೇ. ಅಕ್ಷರಕ್ಕೆ? ಚೀಲದ ಮೇಲಿನ ಮಸಿಗೆ ಈ ತೊಡಕಿಲ್ಲ. ಆದರೆ ವಿನ್ಯಾಸದ ಪಿಡಿಎಫ್ ಕಡತದೊಳಗೆ ಅಕ್ಷರಶೈಲಿಯೇ ಹುದುಗಿಕೊಂಡು ಪ್ರಯಾಣ ಮಾಡುತ್ತದೆ. ಹಾಗಾದರೆ ಆ ಕಡತವೂ ಕರಾರಿಗೆ ಒಳಪಟ್ಟಿತೇ ಎಂಬ ಸಂದೇಹ ಹುಟ್ಟಿತು. ಅದನ್ನು ನಿವಾರಿಸಲು ಪರವಾನಗಿಗೆ ಒಂದು ವಿನಾಯಿತಿಯ ವಾಕ್ಯವನ್ನು ಸೇರಿಸುವ ಪದ್ಧತಿ ಬಂತು. ಅರವಿಂದ ಅವರ ‘ಗುಬ್ಬಿ’ ಅಕ್ಷರಶೈಲಿ ಅಂಥ ವಾಕ್ಯದೊಡನೆಯೇ ಬಂದಿದೆ. ಅವರದೇ ‘ನವಿಲು’ ಅಕ್ಷರಗಳಿಗೆಂದೇ ರಚಿತವಾದ ಓಎಫ್ಎಲ್ ಎಂಬ ಪರವಾನಗಿಯನ್ನು ಪಡೆದಿದೆ. ರೆಡ್‌ಹ್ಯಾಟ್ ಸಂಸ್ಥೆ 2004ರಲ್ಲಿ ಜಿಪಿಎಲ್ ಅಡಿಯಲ್ಲಿ ಕೊಟ್ಟ ‘ಲೋಹಿತ್’ ಕೂಡ 2011ರಲ್ಲಿ ಅದಕ್ಕೇ ಬದಲಾಯಿತು. ಓಎಫ್ಎಲ್‌ನಂತೆ ಅಕ್ಷರಶೈಲಿಯನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಅದರಿಂದ ರಚಿಸಿದ ಬರಹ ಬರೆದವನದೇ.

ಮಿತ್ರರ ಘಟಕಕ್ಕೆ ಗುಬ್ಬಿಯನ್ನೇ ತಂದೆವು. ಹಳೆಯ ವಿನ್ಯಾಸಗಳನ್ನು ಒಂದೊಂದಾಗಿ ಮತ್ತೆ ಬೆರಳಚ್ಚು ಮಾಡುವ ಕೆಲಸ ಈಗಲೂ ನಡೆದಿದೆ. ಆ ವಿನಾಯಿತಿಯ ವಾಕ್ಯವನ್ನು ಅವರು ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡು, ಕಾರ್ಖಾನೆಯ ಪರವಾನಗಿ ಪತ್ರದ ಪಕ್ಕದಲ್ಲಿ ಗೋಡೆಗೆ ತೂಗುಹಾಕಿದ್ದಾರೆ.