ಮೂರು ಕಣ್ಣಿನ ಚೌಕ

ಮಕ್ಕಳೇ, ಬೆಂಗಳೂರಿನ ಹೊರಮಾವಿನ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಳನೀರಿನ ಗಾಡಿ, ಬೇಕರಿ, ಮೆಡಿಕಲ್ ಶಾಪು, ಹೂವಿನಮ್ಮನ ಬುಟ್ಟಿ, ಎಲ್ಲಿ ನೋಡಿದರೂ ಒಂದು ಕಪ್ಪು ಬಿಳುಪಿನ ಚೌಕ ಕಾಣುತ್ತದೆ. ನಮ್ಮ ಮೆಟ್ರೊ ಟಿಕೆಟ್ ಕೂಡ 2022ರ ನವೆಂಬರಿನಿಂದ ಈ ರೂಪದಲ್ಲಿ ಫೋನಿಗೇ ಬರುತ್ತಿದೆ. ಈಗ ನಿಮ್ಮ ಪಠ್ಯಪುಸ್ತಕ ತೆರೆಯಿರಿ. ಅಲ್ಲೂ ಅದೇ ಚೌಕ! ಅದೇ ಕ್ಯೂಆರ್ ಕೋಡ್. ಪುಸ್ತಕದಲ್ಲಿ ಅದರ ಜೊತೆ ಆರು ಅಕ್ಷರಗಳ ಒಂದು ಗುರುತೂ ಇರುತ್ತದೆ. ಕ್ಯಾಮೆರಾ ಕೆಟ್ಟಿದ್ದರೆ ಆ ಆರು ಅಕ್ಷರಗಳನ್ನು ‘ದೀಕ್ಷಾ’ ಆ್ಯಪಿನಲ್ಲಿ ಬೆರಳಲ್ಲೇ ಒತ್ತಬಹುದು. ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ ಶುರುವಾದ ಈ ದೀಕ್ಷಾ ನಿಂತಿರುವುದು ಸನ್‌ಬರ್ಡ್ ಎಂಬ ತಂತ್ರಾಂಶದ ಮೇಲೆ. ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ.

ಹಾಗಾದರೆ ಇಡೀ ವಿಡಿಯೊ ಆ ಪುಟ್ಟ ಚೌಕದೊಳಗೆ ಕೂತಿದೆಯೇ? ಇಲ್ಲ. ಅಲ್ಲಿರುವುದು ಒಂದು ವಿಳಾಸ ಮಾತ್ರ. ಫೋನೋ ಟ್ಯಾಬೋ ಆ ವಿಳಾಸ ಓದಿಕೊಂಡು ಇಂಟರ್ನೆಟ್ಟಿನಲ್ಲಿ ಅಲ್ಲಿಗೆ ಹೋಗಿ ವಿಡಿಯೊ ತರುತ್ತದೆ.

ಚೌಕದೊಳಗೆ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕೋಣ. ಎಲ್ಲಕ್ಕಿಂತ ಚಿಕ್ಕ ಕ್ಯೂಆರ್ ಕೋಡಿನಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಮನೆಗಳು. ಒಟ್ಟು 441. ಪ್ರತಿ ಮನೆಯೂ ಕಪ್ಪು ಅಥವಾ ಬಿಳಿ, ಅಂದರೆ 1 ಅಥವಾ 0. ಮುಂದಿನ ಅಳತೆಗೆ ಹೋದಂತೆ ಪ್ರತಿ ಬದಿಗೆ 4 ಮನೆ ಹೆಚ್ಚುತ್ತದೆ: 25, 29, 33... ನಲವತ್ತನೆಯ ಅಳತೆಗೆ ಬಂದಾಗ ಬದಿಗೆ 177 ಮನೆ. ಕಂಪ್ಯೂಟರಿಗೆ ಎಂಟು ಮನೆ ಸೇರಿದರೆ ಒಂದು ಬೈಟ್. ಆ ದೊಡ್ಡಣ್ಣನಲ್ಲೂ ಹಿಡಿಸುವುದು ಹೆಚ್ಚೆಂದರೆ 2,953 ಬೈಟ್. ಟ್ಯಾಬಿನಲ್ಲಿ ತೆಗೆದ ಒಂದು ಫೋಟೊಗೇ ಲಕ್ಷಗಟ್ಟಲೆ ಬೈಟ್ ಬೇಕು!

ನಮ್ಮ ಕನ್ನಡ ಈ ಚೌಕದಲ್ಲಿ ಸ್ವಲ್ಪ ಹೆಚ್ಚೇ ಜಾಗ ಕೇಳುತ್ತದೆ. ‘ಅಕ್ಕ’ ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಅದನ್ನು ನಾಲ್ಕಾಗಿ ಎಣಿಸುತ್ತದೆ: ಅ, ಕ, ಒತ್ತು ಬರಿಸುವ ಗುರುತು, ಮತ್ತೆ ಕ. ಒಂದೊಂದಕ್ಕೂ 3 ಬೈಟ್. ನಾಲ್ಕಕ್ಕೆ 12 ಬೈಟ್, ಅಂದರೆ 96 ಮನೆ. ಹಾಗಿದ್ದರೂ ನಾಲ್ಕೈದು ಸಾಲಿನ ಕನ್ನಡವನ್ನು ಚೌಕದಲ್ಲೇ ತುಂಬಬಹುದು. ಅದನ್ನು ಓದಲು ಇಂಟರ್ನೆಟ್ ಬೇಕಾಗಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕ್ಯೂಆರ್ ಕೋಡನ್ನು ಕಂಡುಹಿಡಿದವರು ಜಪಾನಿನ ಮಸಾಹಿರೊ ಹರಾ ಮತ್ತು ಅವರ ಜೊತೆಯವರು. ವರ್ಷ 1994. ಡೆನ್ಸೊ ಕಂಪನಿಯಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಬೇಕಿತ್ತು. ಹಳೆಯ ಗೆರೆಗೆರೆಯ ಬಾರ್‌ಕೋಡಿನಲ್ಲಿ ಇಪ್ಪತ್ತರಷ್ಟು ಅಕ್ಷರಗಳೇ ಹಿಡಿಸುತ್ತಿದ್ದವು. ಹರಾ ಅವರಿಗೆ ‘ಗೋ’ ಎಂಬ ಆಟದ ಹುಚ್ಚು. ಗೆರೆ ಎಳೆದ ಹಲಗೆಯ ಮೇಲೆ ಕಪ್ಪು ಬಿಳಿ ಕಾಯಿ ಇಡುವ ಆಟ ಅದು. ಆ ಹಲಗೆ ನೋಡುತ್ತಿದ್ದಾಗ ಅವರಿಗೆ ಅಡ್ಡಕ್ಕೂ ಉದ್ದಕ್ಕೂ ಬರೆಯುವ ಉಪಾಯ ಹೊಳೆಯಿತು.

ಚೌಕದ ಮೂರು ಮೂಲೆಗಳಲ್ಲಿ ಮೂರು ಕಣ್ಣುಗಳಿವೆ ನೋಡಿ. ಒಂದು ಕಣ್ಣಿನ ನಡುವೆ ಗೆರೆ ಎಳೆದು ಮನೆ ಎಣಿಸಿ: ಕಪ್ಪು 1, ಬಿಳಿ 1, ಕಪ್ಪು 3, ಬಿಳಿ 1, ಕಪ್ಪು 1. ಈ ಅಳತೆಯನ್ನು ಅವರು ಸುಮ್ಮನೆ ಆರಿಸಲಿಲ್ಲ. ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆಗಳ ಮೇಲಿನ ಅಚ್ಚನ್ನೆಲ್ಲ ಜಾಲಾಡಿ, ಎಲ್ಲಕ್ಕಿಂತ ಅಪರೂಪವಾಗಿ ಸಿಗುವ ಅಳತೆ ಯಾವುದೆಂದು ಹುಡುಕಿದರು. ಅದಕ್ಕೇ ಕ್ಯಾಮೆರಾ ಬೇರೆ ಚಿತ್ರವನ್ನು ಕಂಡು ಮೋಸ ಹೋಗುವುದು ಕಡಿಮೆ. ನಾಲ್ಕನೆಯ ಮೂಲೆಯಲ್ಲಿ ಇಂಥ ಕಣ್ಣು ಇಲ್ಲದಿರುವುದರಿಂದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಮೇಲು ಯಾವುದು, ಕೆಳಗು ಯಾವುದು ಎಂದು ಟ್ಯಾಬಿಗೆ ಗೊತ್ತಾಗುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರು ಬೇಕಾದರೂ ಬಳಸಲಿ ಎಂದು ಕಂಪನಿ ಬಿಟ್ಟುಕೊಟ್ಟಿತು. ನನಗೆ ಆ ಜಾಣತನಕ್ಕಿಂತ ಈ ಔದಾರ್ಯವೇ ದೊಡ್ಡದು ಅನ್ನಿಸುತ್ತದೆ.

ಈಗೊಂದು ಪ್ರಯೋಗ. ಪುಸ್ತಕದ ಕೋಡಿನ ನಡುಭಾಗದಲ್ಲಿ ಕಾಗದದ ಸಣ್ಣ ಚೂರು ಇಟ್ಟು ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಓದಿಬಿಡುತ್ತದೆ. ಅದೇ ಚೂರಿನಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಆಗ ತಡವರಿಸುತ್ತದೆ. ಹಾಗಾದರೆ ನಡುಭಾಗದಲ್ಲಿ ಮುಚ್ಚಿದ್ದನ್ನು ಅದು ಓದಿದ್ದು ಹೇಗೆ? ನಾನು ನಿಮಗೆ 7 ಮತ್ತು 5 ಎಂದು ಬರೆದು, ಜೊತೆಗೆ ಮೊತ್ತ 12 ಎಂದೂ ಬರೆದು ಕಳಿಸಿದೆ ಅನ್ನಿ. ದಾರಿಯಲ್ಲಿ 5ರ ಮೇಲೆ ಮಸಿ ಬಿತ್ತು. ನೀವು 12ರಲ್ಲಿ 7 ಕಳೆದು 5 ಎಂದು ಹೇಳಿಬಿಡುತ್ತೀರಿ. ಕೋಡಿನಲ್ಲೂ ಇಂಥ ಹೆಚ್ಚುವರಿ ಲೆಕ್ಕಗಳನ್ನು ಸೇರಿಸಿರುತ್ತಾರೆ, ಆದರೆ ಇನ್ನೂ ಚುರುಕಾದವು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಈ ಗಣಿತವನ್ನು ರೂಪಿಸಿದರು. ರಕ್ಷಣೆ ಗಟ್ಟಿಯಾಗಿದ್ದರೆ ನೂರಕ್ಕೆ ಸುಮಾರು 30 ಪಾಲು ಹಾಳಾದರೂ ಮಾತು ಉಳಿಯುತ್ತದೆ. ಯುರೇನಸ್, ನೆಪ್ಚೂನ್ ಗ್ರಹಗಳ ಚಿತ್ರ ಕಳಿಸಿದ ವಾಯೇಜರ್ 2 ನೌಕೆಗೂ ಇದೇ ಗಣಿತ ನೆರವಾಯಿತು.

ತರಗತಿಗೆ ಬರೋಣ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿದ್ದಾರೆ. ಶಾಲೆಯ ಪುಸ್ತಕ ಬೇರೆ ಭಾಷೆಯಲ್ಲಿದ್ದುದರಿಂದ ಅವರಿಗೆ ಪಾಠ ಕಷ್ಟವಾಗುತ್ತಿತ್ತು. ಅಲ್ಲಿನ ಪರಿತೇವಾಡಿ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಳೆ ತಾವೇ ಕನ್ನಡ ಕಲಿತು, ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳಿಗೆ ಕ್ಯೂಆರ್ ಕೋಡ್ ಸೇರಿಸಿ, ಹಾಡು, ಕಥೆ, ಪಾಠಗಳನ್ನು ಕನ್ನಡದಲ್ಲಿ ಕೇಳಿಸಿದರು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಹೊರಮಾವಿನ ತರಗತಿಗಳಲ್ಲಿ ತೆಲುಗು, ತಮಿಳು, ಹಿಂದಿ, ಮಲಯಾಳ ಮಾತಾಡುವ ಮನೆಗಳ ಮಕ್ಕಳೂ ಕೂರುತ್ತಾರೆ. ಆದ್ದರಿಂದ ನನ್ನದೊಂದು ಕೋರಿಕೆ. ಬೇರೆಯವರು ಮಾಡಿದ ಕೋಡನ್ನು ನೋಡುವುದಷ್ಟೇ ಸಾಲದು, ನಿಮ್ಮದನ್ನು ನೀವೇ ಮಾಡಿ. ಶಾಲೆಯ ಹೊಂಗೆಮರಕ್ಕೋ ನೀರಿನ ತೊಟ್ಟಿಗೋ ಹೋಗಿ ಚೆನ್ನಾಗಿ ನೋಡಿ. ಕಂಡದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಕೊನೆಗೆ ಒಂದು ಪ್ರಶ್ನೆ ಇರಲಿ: ‘ಈ ಎಲೆಯ ಮೇಲಿನ ಗಂಟು ಯಾರ ಮನೆ?’ ಜೊತೆಗೆ ನಿಮ್ಮ ಮನೆಮಾತಿನಲ್ಲೂ ಒಂದು ಸಾಲು. ಟೀಚರ್ ಸಹಾಯದಿಂದ ಅದನ್ನು ವಿಳಾಸವಾಗಿ ಅಲ್ಲ, ಬರಹವಾಗಿಯೇ ಕೋಡಿಗೆ ತುಂಬಿಸಿ. ನೆಟ್ ಇಲ್ಲದ ದಿನವೂ ಓದುತ್ತದೆ. ನಾಲ್ಕೈದು ಜನಕ್ಕೆ ಒಂದು ಟ್ಯಾಬ್ ಸಾಕು, ಹಾಗಿದ್ದರೇ ಒಳ್ಳೆಯದು. ಒಬ್ಬರು ಹಿಡಿಯಲಿ, ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಮರದ ಹತ್ತಿರ ಉತ್ತರ ಹುಡುಕಲಿ.

ರಸ್ತೆಯ ಕಂಬಕ್ಕೆ ಅಂಟಿಸಿದ, ಯಾರದೆಂದು ಗೊತ್ತಿಲ್ಲದ ಕೋಡನ್ನು ಮಾತ್ರ ದೊಡ್ಡವರನ್ನು ಕೇಳದೆ ತೆರೆಯಬೇಡಿ. ಅದು ಎಲ್ಲಿಗೆ ಕರೆದೊಯ್ಯುತ್ತದೆಂದು ಬರಿಗಣ್ಣಿಗೆ ಕಾಣುವುದಿಲ್ಲ.

ನಿಮ್ಮ ಕೋಡನ್ನು ಕತ್ತರಿಸಿ ಅಂಟಿಸುವಾಗ ಸುತ್ತಲೂ ನಾಲ್ಕು ಮನೆಯಷ್ಟು ಬಿಳಿ ಅಂಚು ಬಿಡಿ. ಆ ಅಂಚು ಇಲ್ಲದಿದ್ದರೆ ಚೌಕ ಎಲ್ಲಿ ಮುಗಿಯಿತೆಂದು ಕ್ಯಾಮೆರಾಗೆ ತಿಳಿಯುವುದು ಕಷ್ಟ.