ಇಳಿವಯಸ್ಸಿಗೆ ಎರಡನೆಯ ವಿಮೆ: ಯಾವುದನ್ನು ಕೊಳ್ಳಬೇಕು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಆರೋಗ್ಯ ವಿಮೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಕಾಯಿಲೆಯ ಮಾತೆತ್ತಿದರೆ ಅಪಶಕುನ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಶಕುನ, ಮುಹೂರ್ತಗಳನ್ನು ಒಪ್ಪದ ಬಸವಣ್ಣನವರ ದಾರಿಯವರು ನಾವು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ನಿವೃತ್ತಿಯ ಮೇಲೆ ನಮ್ಮಿಬ್ಬರಿಗೂ ಸೇರಿ 3 ಲಕ್ಷದ ಒಂದು ಪಾಲಿಸಿ ಇತ್ತು. ಈಗಿನ ಆಸ್ಪತ್ರೆಗೆ ಅದು ಸಾಲದೆಂದು ಅದರ ಮೇಲೆ 10 ಲಕ್ಷದ ಟಾಪ್-ಅಪ್ ಕೊಂಡೆ. ಪ್ರೀಮಿಯಂ ಕಡಿಮೆ ಇತ್ತು, ಸಹಿ ಹಾಕಿದೆ. ನೂರು ಪುಟದ ಟೆಂಡರನ್ನು ಸಾಲು ಬಿಡದೆ ಓದುತ್ತಿದ್ದವನು ನನ್ನ ಪಾಲಿಸಿ ಓದಲಿಲ್ಲ. ಮುಂದೆ ಒಂದೇ ವರ್ಷದಲ್ಲಿ ನಮ್ಮ ಮನೆಯವರು ಎರಡು ಸಲ ಆಸ್ಪತ್ರೆ ಸೇರಬೇಕಾಯಿತು. ಒಂದೊಂದು ಸಲಕ್ಕೂ ಎರಡೂವರೆ ಲಕ್ಷ. ಮೊದಲ ಪಾಲಿಸಿ 3 ಲಕ್ಷ ಕೊಟ್ಟು ಖಾಲಿಯಾಯಿತು. ಟಾಪ್-ಅಪ್‌ನಿಂದ ಒಂದು ರೂಪಾಯಿ ಬರಲಿಲ್ಲ. ಉಳಿದ 2 ಲಕ್ಷಕ್ಕೆ ಮೊಮ್ಮಗಳ ಓದಿಗೆಂದು ಇಟ್ಟಿದ್ದ ಠೇವಣಿ ಮುರಿಸಿದೆ. ಕಂಪನಿ ಮೋಸ ಮಾಡಲಿಲ್ಲ, ಬರೆದದ್ದನ್ನೇ ಮಾಡಿತು.

ಕೆರೆಯ ಕೋಡಿ ನಿಮಗೆಲ್ಲ ಗೊತ್ತು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯಿಂದ ಹರಿಯುತ್ತದೆ. ಎರಡನೆಯ ವಿಮೆಯೂ ಹಾಗೆಯೇ: ಖರ್ಚು 3 ಲಕ್ಷದ ಮಟ್ಟ ದಾಟಿದ ಮೇಲಿನದನ್ನು ಅದು ಕೊಡುತ್ತದೆ. ಈ ಮಟ್ಟಕ್ಕೆ ಅವರು ಡಿಡಕ್ಟಿಬಲ್ ಎನ್ನುತ್ತಾರೆ. ಟಾಪ್-ಅಪ್‌ನಲ್ಲಿ ಪ್ರತಿ ಮಳೆಗೂ ಕೆರೆ ಬರಿದಾಗಿಯೇ ಶುರು. ಒಂದೇ ಮಳೆಗೆ ತುಂಬಿದರೆ ಮಾತ್ರ ಕೋಡಿ. ಸೂಪರ್ ಟಾಪ್-ಅಪ್‌ನಲ್ಲಿ ಪಾಲಿಸಿ ವರ್ಷದ ಎಲ್ಲ ಮಳೆಯ ನೀರೂ ಕೂಡುತ್ತದೆ. ನನ್ನ ಲೆಕ್ಕದಲ್ಲಿ ಎರಡೂ ಸೇರಿ 5 ಲಕ್ಷ. ಸೂಪರ್ ಟಾಪ್-ಅಪ್ ಇದ್ದಿದ್ದರೆ ಆ 2 ಲಕ್ಷ ಅದರಿಂದ ಬರುತ್ತಿತ್ತು. ಪ್ರೀಮಿಯಂ ತುಸು ಹೆಚ್ಚು, ಅಷ್ಟೇ. ವಯಸ್ಸಾದವರಿಗೆ ಒಂದೇ ದೊಡ್ಡ ಆಪರೇಷನ್ನಿಗಿಂತ ಮತ್ತೆ ಮತ್ತೆ ಸೇರುವುದೇ ಹೆಚ್ಚು. ಆದ್ದರಿಂದ ನಮ್ಮ ವಯಸ್ಸಿನವರು ಸೂಪರ್ ಟಾಪ್-ಅಪ್ ಅನ್ನೇ ಕೇಳಿ.

ಮೊದಲ ಪಾಲಿಸಿ ಇಲ್ಲದವರೂ ಇದನ್ನು ಕೊಳ್ಳಬಹುದು. ಡಿಡಕ್ಟಿಬಲ್‌ವರೆಗಿನ ಹಣ ಕೈಯಿಂದ ಹಾಕಬೇಕು. ಮೊದಲ ಸಲದ ಬಿಲ್ಲು, ಡಿಸ್ಚಾರ್ಜ್ ಕಾಗದ, ಕಂಪನಿ ಕೊಟ್ಟ ಲೆಕ್ಕಪತ್ರ ಎಲ್ಲವನ್ನೂ ಜೋಪಾನ ಮಾಡಿ. ಅವಿಲ್ಲದೆ ಎರಡನೆಯ ಸಲದ ಕ್ಲೇಮು ನಿಲ್ಲುವುದಿಲ್ಲ.

ಗಂಭೀರ ಕಾಯಿಲೆಯ ಪಾಲಿಸಿ ಎಂದು ಇನ್ನೊಂದಿದೆ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಇಡುಗಂಟು. ಡೆಂಗಿಗೂ ಸೊಂಟ ಮುರಿದದ್ದಕ್ಕೂ ಅದು ಒದಗುವುದಿಲ್ಲ. ದಿನಕ್ಕಿಷ್ಟು ಎಂದು ಕೊಡುವ ಪಾಲಿಸಿ ಜೊತೆಯಲ್ಲಿರುವವರ ಊಟ, ಓಡಾಟಕ್ಕೆ ಸರಿಹೋದೀತು.

'ಸಕ್ಕರೆ ಕಾಯಿಲೆ ಬರೆಯಬೇಡಿ ಸಾರ್, ಪ್ರೀಮಿಯಂ ಏರುತ್ತೆ' ಎಂದು ಏಜೆಂಟರೊಬ್ಬರು ನನಗೂ ಹೇಳಿದ್ದರು. ಹುಸಿ ಬೇಡವೆಂದು ದಿನವೂ ಹೇಳಿಕೊಳ್ಳುವ ನಾವು ಅರ್ಜಿಯಲ್ಲಿ ಮಾತ್ರ ಹುಸಿ ಬರೆಯುವುದೆ? ಬರೆದರೆ ಕ್ಲೇಮಿನ ದಿನ ಸಿಕ್ಕಿಬೀಳುತ್ತೇವೆ. ಇದ್ದದ್ದನ್ನು ಬರೆದು ಕಾಯುವುದೇ ಲೇಸು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ 3 ವರ್ಷ. 65 ದಾಟಿದವರಿಗೆ ಬಾಗಿಲು ಮುಚ್ಚಿತು ಎಂಬುದೂ ಹಳೆಯ ಮಾತು. ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರ ಆ ಮಿತಿ ತೆಗೆದಿದೆ. ಪಾಲಿಸಿ ಕೈಸೇರಿದ ಮೇಲೆ ಓದಿ ಬೇಡವೆಂದು ಮರಳಿಸಲು 30 ದಿನ ಇರುತ್ತದೆ. ನಾನು ಆ 30 ದಿನ ಅದನ್ನು ಬೀರುವಿನಲ್ಲಿ ಇಟ್ಟಿದ್ದೆ.

ಇಂದು ಪಾಲಿಸಿ ತಂದಿರುವವರು ಪ್ರಸಾದದ ನಂತರ ಪಡಸಾಲೆಗೆ ಬನ್ನಿ, ಕೂತು ಓದೋಣ. ಕನ್ನಡಕ ಮರೆಯಬೇಡಿ, ಅಕ್ಷರ ಬಹಳ ಸಣ್ಣವು.